ಚೆರ್ರಿ ಮರದ ನಾಡಿನಲ್ಲಿ ಎಣ್ಣೆಯ ಪಾಠ

ಅಮೆರಿಕದ ಪೂರ್ವಭಾಗದಲ್ಲಿರುವ ಪೆನ್ಸಿಲ್ವೇನಿಯಾ ರಾಜ್ಯದ ಹೆಸರಿನಲ್ಲೇ ಒಂದು ಕಾಡು ಅಡಗಿದೆ. ಲ್ಯಾಟಿನ್ ಭಾಷೆಯಲ್ಲಿ 'ಸಿಲ್ವ' ಎಂದರೆ ಅರಣ್ಯ. 1681ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್, ತಾನು ತೀರಿಸಬೇಕಾಗಿದ್ದ ಹಳೆಯ ಸಾಲವೊಂದಕ್ಕೆ ಬದಲಾಗಿ ಈ ವಿಶಾಲ ಪ್ರದೇಶವನ್ನು ವಿಲಿಯಂ ಪೆನ್ ಎಂಬ ತರುಣನಿಗೆ ಬರೆದುಕೊಟ್ಟ. ಸಾಲ ಕೊಟ್ಟಿದ್ದವನು ಪೆನ್ನನ ತಂದೆ. ಆತನ ನೆನಪಿಗಾಗಿ ನಾಡಿಗೆ 'ಪೆನ್ನನ ಕಾಡು' ಎಂದು ಹೆಸರಾಯಿತು. ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೂ ಈ ರಾಜ್ಯದ ವಾಯವ್ಯ ಮೂಲೆಗೆ ಹೋದವರಿಗೆ ಆ ಹೆಸರು ಸುಳ್ಳೆನಿಸುವುದಿಲ್ಲ.

ರಾಜ್ಯದ ಉತ್ತರ ಭಾಗವನ್ನು ಪೂರ್ವದಿಂದ ಪಶ್ಚಿಮಕ್ಕೆ ಸೀಳಿಕೊಂಡು ಹೋಗುವ ಆರನೆಯ ನಂಬರಿನ ಹೆದ್ದಾರಿಯಲ್ಲಿ ಸಾಗಿದರೆ ಕೇನ್ ಎಂಬ ಪುಟ್ಟ ಊರು ಸಿಗುತ್ತದೆ. ಸಮುದ್ರ ಮಟ್ಟದಿಂದ ಸುಮಾರು 2,000 ಅಡಿ ಎತ್ತರದ ಅಲೆಗೆನಿ ಪ್ರಸ್ಥಭೂಮಿಯ ಮೇಲಿರುವ ಈ ಊರು ತನ್ನನ್ನು 'ಜಗತ್ತಿನ ಕಪ್ಪು ಚೆರ್ರಿಯ ರಾಜಧಾನಿ' ಎಂದು ಕರೆದುಕೊಳ್ಳುತ್ತದೆ. ಚೆರ್ರಿ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಕೇಕಿನ ತುದಿಯ ಮೇಲೆ ಕೂರುವ ಕೆಂಪು ಹಣ್ಣು. ಕೇನ್ ಊರಿನ ಹೆಮ್ಮೆ ಆ ಹಣ್ಣಲ್ಲ, ಮರ. ಪೀಠೋಪಕರಣಗಳಿಗೆ ಬೇಕಾಗುವ ಅತ್ಯುತ್ತಮ ಚೆರ್ರಿ ನಾಟಾ ಬೆಳೆಯುವುದು ಈ ಸುತ್ತಿನ ಬೆಟ್ಟಗಳಲ್ಲೇ.

ಸಸ್ಯಶಾಸ್ತ್ರದಲ್ಲಿ ಈ ಮರದ ಹೆಸರು ಪ್ರೂನಸ್ ಸೆರೊಟಿನ. ಗುರುತು ಹಿಡಿಯುವುದು ಸುಲಭ. ಬಲಿತ ಮರದ ತೊಗಟೆ ಸೀದುಹೋದ ಹಪ್ಪಳದ ಚೂರುಗಳನ್ನು ಒಂದರ ಪಕ್ಕ ಒಂದು ಅಂಟಿಸಿದಂತೆ ಕಾಣುತ್ತದೆ. ವಸಂತದ ಕೊನೆಯಲ್ಲಿ ಬಿಳಿ ಹೂವಿನ ಗೊಂಚಲು, ಬೇಸಗೆಯ ಕೊನೆಗೆ ಬಟಾಣಿ ಗಾತ್ರದ ಕಪ್ಪು ಹಣ್ಣು. ಹಣ್ಣಿನ ಒಗರು ಮನುಷ್ಯರಿಗೆ ಅಷ್ಟಾಗಿ ಹಿಡಿಸದಿದ್ದರೂ ಹಕ್ಕಿಗಳು ಬಿಡುವುದಿಲ್ಲ. ಎಲೆಯ ವಿಷಯದಲ್ಲಿ ಮಾತ್ರ ದನ ಸಾಕುವವರು ಎಚ್ಚರದಿಂದಿರುತ್ತಾರೆ. ಗಾಳಿಗೆ ಮುರಿದು ಬಿದ್ದ ಕೊಂಬೆಯ ಬಾಡಿದ ಎಲೆಯಲ್ಲಿ ಸೈನೈಡ್ ಉಂಟಾಗಿ, ಅದನ್ನು ತಿಂದ ದನ ಸಾಯುವುದುಂಟು.

ಬೋಳು ಗುಡ್ಡದಲ್ಲಿ ಹುಟ್ಟಿದ ಕಾಡು

ಇಂದು ಈ ಕಾಡಿನಲ್ಲಿ ನಿಂತವರಿಗೆ ಇದು ಅನಾದಿ ಕಾಲದ್ದೆಂದು ತೋರಬಹುದು. ನಿಜಸ್ಥಿತಿ ಬೇರೆ. ಮೊದಲು ಇಲ್ಲಿ ಹೆಚ್ಚಾಗಿದ್ದುದು ಹೆಮ್ಲಾಕ್ ಮತ್ತು ಬೀಚ್ ಮರಗಳು. ಹೆಮ್ಲಾಕ್ ತೊಗಟೆಯಲ್ಲಿ ಚರ್ಮ ಹದ ಮಾಡಲು ಬೇಕಾದ ಟ್ಯಾನಿನ್ ಇದ್ದುದರಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಚರ್ಮದ ಕಾರ್ಖಾನೆಗಳು ಇಲ್ಲಿಗೆ ಮುತ್ತಿದವು. ಹಿಂದೆಯೇ ರೈಲು ಬಂತು, ಗರಗಸದ ಗಿರಣಿಗಳು ಬಂದವು. ಮರವನ್ನು ಭಟ್ಟಿ ಇಳಿಸಿ ಮದ್ಯಸಾರ, ಅಸಿಟಿಕ್ ಆಮ್ಲ, ಇದ್ದಿಲು ತಯಾರಿಸುವ ಕಾರ್ಖಾನೆಗಳು ತೋಳಿನ ಗಾತ್ರದ ಗಿಡಗಳನ್ನೂ ಬಿಡಲಿಲ್ಲ. 1890ರಿಂದ 1930ರೊಳಗೆ ಪ್ರಸ್ಥಭೂಮಿಯ ಬಹುಭಾಗ ಬೋಳಾಯಿತು. 1923ರಲ್ಲಿ ಸರ್ಕಾರ ಇಲ್ಲಿ ಅಲೆಗೆನಿ ರಾಷ್ಟ್ರೀಯ ಅರಣ್ಯವನ್ನು ಘೋಷಿಸಿದಾಗ, ಇದು ಅರಣ್ಯವಲ್ಲ, ಬರೀ ಪೊದೆ ಎಂದು ಜನ ನಕ್ಕರು.

ಆ ಪೊದೆಗಳ ನಡುವೆ ಚೆರ್ರಿ ಸಸಿಗಳಿದ್ದವು. ಚೆರ್ರಿ ನೆರಳನ್ನು ಸಹಿಸದ ಮರ. ದಟ್ಟ ಕಾಡಿನ ಕೆಳಗೆ ಅದರ ಸಸಿ ಬಹುಕಾಲ ಬದುಕದು. ಆಕಾಶ ತೆರೆದುಕೊಂಡ ಕೂಡಲೇ ಮಣ್ಣಿನಲ್ಲಿ ಕಾದಿದ್ದ ಬೀಜಗಳು ಮೊಳೆತು, ಉಳಿದ ಗಿಡಗಳನ್ನು ಹಿಂದೆ ಹಾಕಿ ಮೇಲೇರಿದವು. ಜಿಂಕೆಗಳು ಬೇರೆ ಸಸಿಗಳನ್ನು ಮೇಯ್ದು ಚೆರ್ರಿಯನ್ನು ಅಷ್ಟಾಗಿ ಮುಟ್ಟದಿದ್ದುದೂ ಅದಕ್ಕೆ ಅನುಕೂಲವಾಯಿತು. ಬೆಳಕಿಗಾಗಿ ಪೈಪೋಟಿ ನಡೆಸಿದ ಮರಗಳು ಗಂಟುಗಳಿಲ್ಲದೆ ನೆಟ್ಟಗೆ ಬೆಳೆದವು. ಹಾಗಾಗಿ ಇಂದು ಕೇನ್ ಸುತ್ತಮುತ್ತ ಕಾಣುವ ಭಾರಿ ಚೆರ್ರಿ ಮರಗಳಲ್ಲಿ ಬಹುಪಾಲು ನೂರರ ಆಸುಪಾಸಿನ ಸಮವಯಸ್ಕರು.

ಇವುಗಳ ಮುಂದಿನ ಪೀಳಿಗೆಯದೇ ಈಗ ಚಿಂತೆ. ಕಳೆದ ಎರಡು ದಶಕಗಳಿಂದ ಮರಗಳು ಮೊದಲಿನಷ್ಟು ಬೀಜ ಬಿಡುತ್ತಿಲ್ಲ, ಸಸಿಗಳು ಮೊದಲಿನಂತೆ ಏಳುತ್ತಿಲ್ಲ ಎಂದು ಅರಣ್ಯ ವಿಜ್ಞಾನಿಗಳು ಗಮನಿಸಿ ಕಾರಣ ಹುಡುಕುತ್ತಿದ್ದಾರೆ. ಒಂದು ಚೆರ್ರಿ ಹಲಗೆಯನ್ನು ಕೈಗೆತ್ತಿಕೊಳ್ಳುವ ಬಡಗಿಗೆ ಈ ಹಿನ್ನೆಲೆ ಗೊತ್ತಿದ್ದರೆ ಒಳ್ಳೆಯದು. ನೂರು ವರ್ಷದಲ್ಲಿ ಬೆಳೆದದ್ದನ್ನು ಒಂದು ಮಧ್ಯಾಹ್ನದ ಅವಸರದಲ್ಲಿ ಕೆಡಿಸಬಹುದು.

ಆಮ್ಲಜನಕ ಕೆಡವಿದ ಸೇತುವೆ

ಕೇನ್‌ನಿಂದ ಪೂರ್ವಕ್ಕೆ ಸ್ವಲ್ಪ ದೂರದಲ್ಲಿ, ಮೌಂಟ್ ಜುವೆಟ್ ಎಂಬ ಊರಿನ ಬಳಿ ಕಿನ್ಜುವಾ ಕಣಿವೆ ಇದೆ. 1882ರಲ್ಲಿ ಇದರ ಮೇಲೆ 301 ಅಡಿ ಎತ್ತರದ ಕಬ್ಬಿಣದ ರೈಲು ಸೇತುವೆ ನಿರ್ಮಾಣವಾದಾಗ ಅಷ್ಟೆತ್ತರದ ರೈಲು ಸೇತುವೆ ಪ್ರಪಂಚದಲ್ಲಿ ಇನ್ನೊಂದಿರಲಿಲ್ಲ. 1900ರಲ್ಲಿ ಅದನ್ನು ಉಕ್ಕಿನಲ್ಲಿ ಮತ್ತೆ ಕಟ್ಟಿದರು. 2003ರ ಜುಲೈ 21ರಂದು ಬೀಸಿದ ಸುಂಟರಗಾಳಿಗೆ ಅದರ 20 ಗೋಪುರಗಳಲ್ಲಿ 11 ನೆಲಕ್ಕುರುಳಿದವು. ಗಾಳಿಯ ಬಲವೊಂದೇ ಕಾರಣವಾಗಿರಲಿಲ್ಲ. ಗೋಪುರಗಳನ್ನು ಬುಡದಲ್ಲಿ ಹಿಡಿದಿದ್ದ ಬೋಲ್ಟುಗಳು ಕಣ್ಣಿಗೆ ಕಾಣದಂತೆ ತುಕ್ಕು ತಿಂದಿದ್ದವು. ಉಳಿದ ಗೋಪುರಗಳ ಮೇಲೆ 2011ರಲ್ಲಿ ನಡೆದಾಡುವ ದಾರಿಯೊಂದನ್ನು ತೆರೆದರು. ಅದರ ತುದಿಯ ಗಾಜಿನ ನೆಲದ ಮೇಲೆ ನಿಂತು ಬಗ್ಗಿ ನೋಡಿದರೆ, ಬಿದ್ದ ಉಕ್ಕಿನ ರಾಶಿ ಕಣಿವೆಯಲ್ಲಿ ಹಾಗೆಯೇ ಮಲಗಿರುವುದು ಕಾಣುತ್ತದೆ. ಶರತ್ಕಾಲದಲ್ಲಿ ಸುತ್ತಲಿನ ಕಾಡು ಹಳದಿ, ಕಿತ್ತಳೆ, ಕೆಂಪಾಗಿ ಉರಿಯುವಂತಿರುತ್ತದೆ.

ತುಕ್ಕು ಎಂದರೆ ಕಬ್ಬಿಣ ನೀರಿನ ಸಮ್ಮುಖದಲ್ಲಿ ಗಾಳಿಯ ಆಮ್ಲಜನಕದೊಡನೆ ಕೂಡುವ ಕ್ರಿಯೆ ಎಂದು ಹೈಸ್ಕೂಲು ಮಕ್ಕಳೆಲ್ಲ ಓದಿರುತ್ತಾರೆ. ಅದೇ ಆಮ್ಲಜನಕದ ಇನ್ನೆರಡು ಮುಖಗಳನ್ನು ನೋಡಲು ಈ ರಾಜ್ಯದ ಆಗ್ನೇಯ ಮೂಲೆಯವರೆಗೆ ಪ್ರಯಾಣ ಮಾಡಬೇಕು. ಚೆರ್ರಿ ಹಲಗೆಗಳೂ ಆ ಕಡೆಗೇ ಲಾರಿಯೇರಿ ಹೋಗುವುದುಂಟು.

ನ್ಯೂ ಹೋಪ್‌ನ ಸುಂದರಾನಂದ

ಡೆಲವೇರ್ ನದಿಯ ದಡದಲ್ಲಿ ನ್ಯೂ ಹೋಪ್ ಎಂಬ ಊರಿದೆ. ಅದರ ಹೊರವಲಯದ ಇಳಿಜಾರಿನಲ್ಲಿ ಜಾರ್ಜ್ ನಾಕಾಶಿಮಾ ಕಟ್ಟಿದ ಮನೆ, ಕಾರ್ಯಾಗಾರ, ಹಲಗೆಗಳ ಉಗ್ರಾಣಗಳಿವೆ. ಜಪಾನಿ ಮೂಲದ ಈ ಅಮೆರಿಕನ್ನನಿಗೂ ಭಾರತಕ್ಕೂ ಗಟ್ಟಿಯಾದ ನಂಟು. 1930ರ ದಶಕದ ಕೊನೆಯಲ್ಲಿ ಪಾಂಡಿಚೇರಿಯ ಅರವಿಂದಾಶ್ರಮದಲ್ಲಿ 'ಗೋಲ್ಕೊಂಡೆ' ಎಂಬ ವಸತಿಗೃಹ ಕಟ್ಟಲು ವಾಸ್ತುಶಿಲ್ಪಿ ಆಂಟೊನಿನ್ ರೇಮಂಡರ ಪರವಾಗಿ ಬಂದ ನಾಕಾಶಿಮಾ ಆಶ್ರಮವಾಸಿಯೇ ಆಗಿ, ಶ್ರೀ ಅರವಿಂದರಿಂದ 'ಸುಂದರಾನಂದ' ಎಂಬ ಹೆಸರು ಪಡೆದರು. ಎರಡನೆಯ ಮಹಾಯುದ್ಧದಲ್ಲಿ ಜಪಾನಿ ಮೂಲದವರನ್ನು ಅಮೆರಿಕ ಸರ್ಕಾರ ಶಿಬಿರಗಳಿಗೆ ತಳ್ಳಿದಾಗ, 1942ರಲ್ಲಿ ಐಡಹೊ ರಾಜ್ಯದ ಶಿಬಿರದಲ್ಲಿ ಜೊತೆಗಿದ್ದ ಜಪಾನಿ ಬಡಗಿಯೊಬ್ಬರಿಂದ ಮರಗೆಲಸದ ಸೂಕ್ಷ್ಮಗಳನ್ನು ಕಲಿತರು. ಮರುವರ್ಷ ರೇಮಂಡರ ನೆರವಿನಿಂದ ಬಿಡುಗಡೆಯಾಗಿ ನ್ಯೂ ಹೋಪ್ ಸೇರಿದರು. 1964ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂದು ಪೀಠೋಪಕರಣಗಳನ್ನು ರೂಪಿಸಿದರು. 1990ರಲ್ಲಿ ಅವರು ತೀರಿಕೊಂಡ ಮೇಲೆ ಮಗಳು ಮೀರಾ ಕಾರ್ಯಾಗಾರವನ್ನು ಮುಂದುವರಿಸಿದರು.

ನಾಕಾಶಿಮಾ ಹೆಚ್ಚಾಗಿ ಬಳಸಿದ್ದು ವಾಲ್ನಟ್ ಮರ. ಚೆರ್ರಿಯಲ್ಲೂ ಕೆಲಸ ಮಾಡಿದರು. ಅವರ ಮೇಜುಗಳ ಮೇಲೆ ಕನ್ನಡಿಯಂತೆ ಹೊಳೆಯುವ ದಪ್ಪ ಪದರವಿಲ್ಲ. ಎಣ್ಣೆ ಕುಡಿದ ಮರದ ಮಂದ ಹೊಳಪಷ್ಟೇ ಇದೆ. ಕೈಯಿಟ್ಟರೆ ಮರವೇ ಕೈಗೆ ತಾಕುತ್ತದೆ.

ಹೊಸದಾಗಿ ಹತ್ತರಿ ಹೊಡೆದ ಚೆರ್ರಿಯ ಕೆಚ್ಚು ತೆಳು ಗುಲಾಬಿ ಬಣ್ಣದ್ದು. ಬೆಳಕು ಮತ್ತು ಗಾಳಿ ತಾಗಿದಂತೆ ತಿಂಗಳುಗಳಲ್ಲಿ ಅದು ಜೇನಿನ ಬಣ್ಣಕ್ಕೆ ತಿರುಗಿ, ಆಮೇಲೆ ಕೆಂಪು ಮಿಶ್ರಿತ ಕಂದಾಗುತ್ತದೆ. ಹಳದಿ ಹಲಸಿನ ಹಲಗೆ ವರ್ಷಗಳು ಕಳೆದಂತೆ ಕಂದಾಗುವುದನ್ನು ಕಂಡವರಿಗೆ ಇದು ಹೊಸದಲ್ಲ. ಹೊಸ ಚೆರ್ರಿ ಮೇಜಿನ ಮೇಲೆ ಪುಸ್ತಕವನ್ನೋ ಹೂದಾನಿಯನ್ನೋ ಕದಲಿಸದೆ ಬಿಟ್ಟರೆ ಕೆಲವು ವಾರಗಳಲ್ಲಿ ಅದರ ಅಡಿಯಲ್ಲಿ ತೆಳು ಬಣ್ಣದ ಅಚ್ಚು ಉಳಿಯುತ್ತದೆ. ಆದ್ದರಿಂದ ತಿಳಿದ ಬಡಗಿಗಳು ಚೆರ್ರಿಗೆ ಬಣ್ಣದ ಸ್ಟೇನ್ ಹಚ್ಚಿ ಮುಪ್ಪನ್ನು ಅವಸರಿಸುವುದಿಲ್ಲ. ಹಚ್ಚಿದರೆ ಇನ್ನೊಂದು ತೊಂದರೆಯೂ ಇದೆ. ಚೆರ್ರಿಯ ಎಳೆಗಳು ಅಲ್ಲಲ್ಲಿ ಸುಳಿ ತಿರುಗಿರುತ್ತವೆ. ಸುಳಿಯಿದ್ದ ಕಡೆ ಬಣ್ಣ ಹೆಚ್ಚು ಇಳಿದು ಮೈಯೆಲ್ಲ ಕಲೆ ಕಲೆಯಾಗುತ್ತದೆ. ಅದರ ಬದಲು ಸಿದ್ಧವಾದ ಮೇಜನ್ನು ಕೆಲವು ದಿನ ಬಿಸಿಲಿಗಿಟ್ಟು, ಆಮೇಲೆ ಎಣ್ಣೆ ಹಚ್ಚುವುದೇ ಜಾಣತನ.

ಯಾವ ಎಣ್ಣೆ, ಎಷ್ಟು ವಾರ್ನಿಷ್?

ಮರಕ್ಕೆ ಹಚ್ಚುವ ಎಣ್ಣೆ ಅಡುಗೆಮನೆಯ ಯಾವುದೋ ಎಣ್ಣೆಯಾದರೆ ನಡೆಯದು. ತೆಂಗಿನೆಣ್ಣೆ ಹಚ್ಚಿದ ಹಲಗೆ ವರ್ಷವಾದರೂ ಜಿಡ್ಡಾಗಿಯೇ ಇರುತ್ತದೆ. ಸೂರ್ಯಕಾಂತಿ ಎಣ್ಣೆಯ ಡಬ್ಬಿಯ ಹೊರಮೈ ಕಾಲಕ್ರಮೇಣ ಅಂಟಂಟಾಗುವುದನ್ನು ಗೃಹಿಣಿಯರೆಲ್ಲ ಕಂಡಿದ್ದಾರೆ. ಅಗಸೆ ಎಣ್ಣೆಯಾದರೆ ಗಟ್ಟಿಯಾದ ಪೊರೆಯೇ ಆಗುತ್ತದೆ. ಕಾರಣ ಅಣುಗಳ ರಚನೆಯಲ್ಲಿದೆ. ತೆಂಗಿನೆಣ್ಣೆಯ ಕೊಬ್ಬಿನ ಆಮ್ಲಗಳ ಸರಪಣಿಗಳು ಬಹುಮಟ್ಟಿಗೆ ಪೂರ್ಣ ತುಂಬಿದವು. ಆಮ್ಲಜನಕಕ್ಕೆ ಅಲ್ಲಿ ಸುಲಭವಾಗಿ ಪ್ರವೇಶವಿಲ್ಲ. ಅಗಸೆ ಎಣ್ಣೆಯಲ್ಲಿ ಹೆಚ್ಚಾಗಿರುವ ಲಿನೊಲೆನಿಕ್ ಆಮ್ಲದ ಸರಪಣಿಯಲ್ಲಿ ಮೂರು ಜೋಡಿ ಬಂಧಗಳಿವೆ. ಗಾಳಿಯ ಆಮ್ಲಜನಕ ಅವುಗಳ ಬಳಿ ಕೈಹಾಕಿ, ಒಂದು ಸರಪಣಿಯನ್ನು ಇನ್ನೊಂದಕ್ಕೆ ಹೆಣೆಯುತ್ತದೆ. ಹೆಣಿಗೆ ಬಲಿತಂತೆ ದ್ರವ ಘನವಾಗುತ್ತದೆ. ನೀರು ಆರಿದಂತೆ ಎಣ್ಣೆ ಆರುವುದಿಲ್ಲ. ಅದು ಗಾಳಿಯಿಂದ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ.

ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಜೊತೆ ಚಟ್ನಿಯಾಗುವ ಅಗಸಿಯೇ ಇದು. ಆದರೆ ಬಡಗಿಗಳು ಕೊಳ್ಳುವ 'ಬಾಯ್ಲ್ಡ್ ಲಿನ್‌ಸೀಡ್' ಡಬ್ಬಿಯನ್ನು ಅಡುಗೆಮನೆಯಿಂದ ದೂರವಿಡಬೇಕು. ಹೆಸರಿಗೆ ಕುದಿಸಿದ್ದಾದರೂ ಇಂದಿನ ಡಬ್ಬಿಗಳಲ್ಲಿರುವುದು ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹಗಳ ಲವಣ ಬೆರೆಸಿದ ಎಣ್ಣೆ. ಹಸಿ ಅಗಸೆ ಎಣ್ಣೆ ಆರಲು ದಿನಗಳು, ವಾರಗಳೇ ಬೇಕು. ಲವಣ ಬೆರೆತದ್ದು ಒಂದೆರಡು ದಿನದಲ್ಲಿ ಆರುತ್ತದೆ. ಚೀನಾ ಮೂಲದ ಟಂಗ್ ಮರದ ಬೀಜದ ಎಣ್ಣೆ ಇನ್ನೊಂದು ಆಯ್ಕೆ. ಅದು ಅಗಸೆಗಿಂತ ಕಡಿಮೆ ಹಳದಿಗಟ್ಟುತ್ತದೆ, ನೀರನ್ನು ಹೆಚ್ಚು ತಡೆಯುತ್ತದೆ. ಬೆಲೆ ಮಾತ್ರ ಹೆಚ್ಚು.

ಎಣ್ಣೆ ಒಂದನ್ನೇ ಹಚ್ಚಿದರೆ ಚೆರ್ರಿಯ ಬಣ್ಣಕ್ಕೆ ಆಳ ಬರುತ್ತದೆ, ರಕ್ಷಣೆ ಸಿಗುವುದಿಲ್ಲ. ಒದ್ದೆ ಲೋಟ ಇಟ್ಟಲ್ಲೆಲ್ಲ ಉಂಗುರ ಬೀಳುತ್ತದೆ. ವಾರ್ನಿಷ್ ಎಂದರೆ ಎಣ್ಣೆಯೊಡನೆ ರಾಳವನ್ನು ಕಾಯಿಸಿ ಕೂಡಿಸಿದ್ದು. ಅದು ಗಟ್ಟಿ, ನೀರಿಗೂ ಬಿಸಿಗೂ ಜಗ್ಗದು. ಆದರೆ ದಪ್ಪನಾಗಿ ಬಳಿದರೆ ಮರದ ಮೇಲೆ ಗಾಜಿನ ಹೊದಿಕೆ ಹಾಸಿದಂತಿರುತ್ತದೆ, ಒಮ್ಮೆ ಗೀರು ಬಿದ್ದರೆ ಸರಿಪಡಿಸುವುದು ಕಷ್ಟ. ಈ ಎರಡರ ನಡುವಿನ ದಾರಿಯೇ ಎಣ್ಣೆ-ವಾರ್ನಿಷ್ ಮಿಶ್ರಣ. ಬಹಳ ಬಡಗಿಗಳು ಅನುಸರಿಸುವ ಸರಳ ಲೆಕ್ಕ: ಎಣ್ಣೆ ಒಂದು ಪಾಲು, ವಾರ್ನಿಷ್ ಒಂದು ಪಾಲು, ತೆಳುವಾಗಿಸಲು ಟರ್ಪೆಂಟೈನ್ ಒಂದು ಪಾಲು.

ಮರಳುಕಾಗದದಿಂದ ನಯಗೊಳಿಸಿದ ಮರಕ್ಕೆ ಮಿಶ್ರಣವನ್ನು ಧಾರಾಳವಾಗಿ ಹಚ್ಚಿ, ಹತ್ತು ಹದಿನೈದು ನಿಮಿಷ ಕುಡಿಯಲು ಬಿಟ್ಟು, ಮೇಲುಳಿದಿದ್ದನ್ನೆಲ್ಲ ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಬೇಕು. ಎಣ್ಣೆ ಬೆರೆತ ಪೊರೆ ದಪ್ಪನಾದರೆ ಮೆತ್ತಗೇ ಉಳಿದು ಅಂಟುತ್ತದೆ. ಆದ್ದರಿಂದ ಒರೆಸುವುದರಲ್ಲಿ ಜಿಪುಣತನ ಸಲ್ಲದು. ದಿನಕ್ಕೊಂದರಂತೆ ಮೂರು ನಾಲ್ಕು ಸಲ ಹೀಗೆ ಮಾಡಿದರೆ ಕೆಲಸ ಮುಗಿಯಿತು. ಪೂರ್ತಿ ಗಟ್ಟಿಯಾಗಲು ಕೆಲವು ವಾರ ಬೇಕು. ಮುಂದೆ ಗೀರು ಬಿದ್ದರೆ ಅಲ್ಲಿಗಷ್ಟೇ ಉಜ್ಜಿ ಮತ್ತೆ ಹಚ್ಚಬಹುದು.

ಎಲ್ಲ ಪೀಠೋಪಕರಣಕ್ಕೂ ಒಂದೇ ಲೆಕ್ಕ ಹೊಂದುವುದಿಲ್ಲ. ದಿನಕ್ಕೆ ಮೂರು ಹೊತ್ತು ತಟ್ಟೆ ಲೋಟ ಕಾಣುವ ಊಟದ ಮೇಜಿಗೆ ವಾರ್ನಿಷ್ ಪಾಲು ಹೆಚ್ಚಿರಬೇಕು. ಕೊನೆಯ ಒಂದೆರಡು ಸಲ ತೆಳು ಮಾಡಿದ ವಾರ್ನಿಷನ್ನೇ ಒರೆಸಿದರೂ ಸರಿ. ಪುಸ್ತಕದ ಕಪಾಟು, ಕುರ್ಚಿ, ಮಕ್ಕಳು ಓದುವ ಮೇಜಿಗೆ ಸಮಪಾಲಿನ ಮಿಶ್ರಣ ಸಾಕು. ಕಲೆಯಾಗುವ ಭಯವಿದ್ದರೆ ಮೊದಲು ತೆಳುವಾದ ಒಂದು ಅರಗಿನ ಕೋಟು ಕೊಟ್ಟು, ಅದರ ಮೇಲೆ ವಾರ್ನಿಷ್ ಹಚ್ಚುವವರಿದ್ದಾರೆ. ಈ ಅರಗು ಹೆಚ್ಚಾಗಿ ಹೊರಡುವುದು ಭಾರತದಿಂದಲೇ. ಕೊಂಬೆಗಳ ಮೇಲೆ ಪುಟ್ಟ ಕೀಟಗಳು ಸ್ರವಿಸುವ ಈ ರಾಳವನ್ನೇ ಚನ್ನಪಟ್ಟಣದ ಕುಶಲಿಗಳು ತಿರುಗುವ ಆಲೆ ಮರದ ಗೊಂಬೆಗೆ ಒತ್ತಿ, ಘರ್ಷಣೆಯ ಬಿಸಿಯಲ್ಲೇ ಕರಗಿಸಿ ಬಣ್ಣ ಕೊಡುತ್ತಾರೆ. 1937ರಲ್ಲಿ ಮೈಸೂರು ಸಂಸ್ಥಾನ ಆರಂಭಿಸಿದ ಲ್ಯಾಕ್ ಅಂಡ್ ಪೇಂಟ್ ಕಾರ್ಖಾನೆಗೂ, ಅಂದರೆ ಇಂದು ಮತದಾರರ ಬೆರಳಿಗೆ ಶಾಯಿ ಒದಗಿಸುವ ಸಂಸ್ಥೆಗೂ, ಹೆಸರು ಕೊಟ್ಟದ್ದು ಅರಗೇ.

ಸಂದೇಹವಿದ್ದವರು ಅದೇ ಮರದ ಮೂರು ತುಂಡುಗಳನ್ನು ತೆಗೆದುಕೊಳ್ಳಲಿ. ಒಂದಕ್ಕೆ ಬರೀ ಎಣ್ಣೆ, ಇನ್ನೊಂದಕ್ಕೆ ಮಿಶ್ರಣ, ಮೂರನೆಯದಕ್ಕೆ ಬರೀ ವಾರ್ನಿಷ್ ಹಚ್ಚಿ, ಚೆನ್ನಾಗಿ ಆರಿದ ಮೇಲೆ ಮೂರರ ಮೇಲೂ ಒಂದು ಗಂಟೆ ನೀರಿನ ಹನಿ ಬಿಟ್ಟು, ಬಳಿಕ ಬಿಸಿ ಕಾಫಿ ಲೋಟ ಇಟ್ಟು ನೋಡಲಿ. ಅಂಗಡಿಯವನ ಮಾತಿಗಿಂತ ಆ ಮೂರು ತುಂಡುಗಳ ಮಾತು ಮೇಲು.

ಪೆನ್ ಕಂಡ ಕನಸು, 22ನೆಯ ಮಹಡಿ

ಪ್ರಯಾಣದ ಕೊನೆಯ ನಿಲ್ದಾಣ ಫಿಲಡೆಲ್ಫಿಯಾ. ವಿಲಿಯಂ ಪೆನ್ ಯೌವನದಲ್ಲಿ, 1666ರಲ್ಲಿ, ಲಂಡನ್ ನಗರ ಬೆಂಕಿಗೆ ಆಹುತಿಯಾಗಿತ್ತು. ಅದಕ್ಕೆಂದೇ ತನ್ನ ಹೊಸ ನಗರಕ್ಕೆ ಅಗಲವಾದ ರಸ್ತೆಗಳನ್ನೂ ಮನೆಗಳ ಸುತ್ತ ತೋಟಕ್ಕೆ ಜಾಗವನ್ನೂ ಆತ ಬಯಸಿದ; ಎಂದೂ ಬೆಂಕಿಗೆ ಸಿಗದ ಹಸಿರು ಊರಾಗಬೇಕೆಂಬುದು ಅವನ ಆಸೆ. 1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಸ್ವಯಂಸೇವಕ ಅಗ್ನಿಶಾಮಕ ದಳವನ್ನು ಕಟ್ಟಿದ್ದೂ ಇದೇ ಊರಿನಲ್ಲಿ. ಇಂದು ನಗರಸಭಾ ಭವನದ ಗೋಪುರದ ತುದಿಯಲ್ಲಿ, ನೆಲದಿಂದ 548 ಅಡಿ ಎತ್ತರದವರೆಗೆ ಪೆನ್ನನ ಕಂಚಿನ ಪ್ರತಿಮೆ ನಿಂತಿದೆ.

ಆ ಪ್ರತಿಮೆಯ ಎದುರಿಗೇ, ರಸ್ತೆಯ ಆಚೆಬದಿಯಲ್ಲಿ, ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಗಳ ಕಚೇರಿ ಕಟ್ಟಡವಿತ್ತು. 1991ರ ಫೆಬ್ರವರಿ 23, ಶನಿವಾರ. ಅದರ 22ನೆಯ ಮಹಡಿಯಲ್ಲಿ ಗೋಡೆಯ ಮರದ ಹಲಗೆಗಳಿಗೆ ಹೊಸ ಮೆರುಗು ಕೊಡುವ ಕೆಲಸ ನಡೆದಿತ್ತು. ಕೆಲಸಗಾರರು ಹೊರಟುಹೋದರು. ಅಗಸೆ ಎಣ್ಣೆ ಮೆತ್ತಿದ ಒರೆಸುವ ಬಟ್ಟೆಗಳು ಅಲ್ಲೇ ಉಳಿದವು. ಬೆಂಕಿಕಡ್ಡಿ ಗೀರಿದವರು ಯಾರೂ ಇಲ್ಲ. ರಾತ್ರಿ ಎಂಟೂವರೆಯ ಹೊತ್ತಿಗೆ ಮಹಡಿ ಹೊತ್ತಿ ಉರಿಯುತ್ತಿತ್ತು.

ಎಣ್ಣೆಯನ್ನು ಗಟ್ಟಿ ಮಾಡುವ ಕ್ರಿಯೆಯಲ್ಲೇ ಈ ಬೆಂಕಿಯೂ ಅಡಗಿದೆ. ಆಮ್ಲಜನಕ ಸರಪಣಿಗಳನ್ನು ಹೆಣೆಯುವಾಗ ಶಾಖ ಹೊರಬೀಳುತ್ತದೆ. ಮೇಜಿನ ಮೇಲೆ ತೆಳುವಾಗಿ ಹರಡಿದ ಎಣ್ಣೆಯ ಶಾಖ ಗಾಳಿಗೆ ಹೋಗಿಬಿಡುತ್ತದೆ. ಮುದ್ದೆಯಾಗಿ ಬಿಸಾಡಿದ ಬಟ್ಟೆಯಲ್ಲಿ ಹಾಗಾಗುವುದಿಲ್ಲ. ಸಾವಿರಾರು ನೂಲುಗಳ ಮೇಲೆ ಹರಡಿದ ಎಣ್ಣೆಗೆ ಗಾಳಿ ಧಾರಾಳವಾಗಿ ಸಿಗುತ್ತದೆ, ಹುಟ್ಟಿದ ಶಾಖ ಮಾತ್ರ ಮಡಿಕೆಗಳೊಳಗೆ ಕಂಬಳಿ ಹೊದ್ದಂತೆ ಸಿಕ್ಕಿಬೀಳುತ್ತದೆ. ಬಿಸಿ ಏರಿದಂತೆ ಕ್ರಿಯೆಯ ವೇಗ ಏರುತ್ತದೆ, ವೇಗ ಏರಿದಂತೆ ಬಿಸಿ ಇನ್ನೂ ಏರುತ್ತದೆ. ಕೆಲವು ಗಂಟೆಗಳಲ್ಲಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಬೇಗ ಆರಲೆಂದು ಬೆರೆಸಿದ ಲೋಹದ ಲವಣಗಳು ಇದನ್ನೂ ಬೇಗಗೊಳಿಸುತ್ತವೆ.

ಅಂದು ಕಟ್ಟಡದ ವಿದ್ಯುತ್ ಹೋಯಿತು. ಬದಲಿ ಜನರೇಟರ್ ಕೈಕೊಟ್ಟಿತು. ಮೇಲಿನ ಮಹಡಿಗಳ ನೀರಿನ ಕೊಳವೆಗಳಲ್ಲಿ ಸಾಕಷ್ಟು ಒತ್ತಡವಿರಲಿಲ್ಲ. ಹೊಗೆಯಲ್ಲಿ ದಾರಿ ತಪ್ಪಿದ ಮೂವರು ಅಗ್ನಿಶಾಮಕ ಸಿಬ್ಬಂದಿ ಹಿಂದಿರುಗಲಿಲ್ಲ. ಹದಿನೆಂಟು ಗಂಟೆಗೂ ಹೆಚ್ಚು ಕಾಲ ಉರಿದ ಬೆಂಕಿ ಮಹಡಿಯಿಂದ ಮಹಡಿಗೆ ಏರಿ, ತಾನಾಗಿ ನೀರು ಚಿಮ್ಮುವ ಸ್ಪ್ರಿಂಕ್ಲರುಗಳಿದ್ದ 30ನೆಯ ಮಹಡಿಯಲ್ಲಿ ನಿಂತಿತು. ಅಲ್ಲಿ ಬಾಯ್ತೆರೆದ ಸ್ಪ್ರಿಂಕ್ಲರುಗಳು ಕೇವಲ ಹತ್ತು. ಸುಟ್ಟ ಕಟ್ಟಡ ವರ್ಷಗಳ ಕಾಲ ಹಾಗೆಯೇ ನಿಂತಿದ್ದು, 1999ರ ವೇಳೆಗೆ ನೆಲಸಮವಾಯಿತು. ಇಂದು ಆ ಜಾಗದಲ್ಲಿ ಬೇರೊಂದು ಎತ್ತರದ ವಸತಿ ಕಟ್ಟಡವಿದೆ. ಅದರ ಮುಂದೆ ಹಾದುಹೋಗುವ ಪ್ರವಾಸಿಗರ ಕಣ್ಣು ಸಾಮಾನ್ಯವಾಗಿ ಪೆನ್ನನ ಪ್ರತಿಮೆಯ ಮೇಲಿರುತ್ತದೆ.

ಇಷ್ಟು ದೊಡ್ಡ ಅನಾಹುತವನ್ನು ತಪ್ಪಿಸುವ ಉಪಾಯ ತೀರ ಚಿಕ್ಕದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆಯಬಾರದು, ರಾಶಿ ಹಾಕಬಾರದು. ಮನೆಯ ಹೊರಗೆ, ನೆರಳಿನಲ್ಲಿ, ಹಗ್ಗದ ಮೇಲೆ ಒಂದೊಂದನ್ನೇ ಬಿಡಿಸಿ ಹರವಬೇಕು. ಪೂರ್ತಿ ಆರಿ ಹಪ್ಪಳದಂತೆ ಗರಿಗರಿಯಾದ ಮೇಲೆ ಅದರಲ್ಲಿ ಅಪಾಯವಿಲ್ಲ. ಹರವಲು ಜಾಗವಿಲ್ಲದವರು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ತುಂಬಿ ಬಟ್ಟೆಯನ್ನು ಪೂರ್ತಿ ಮುಳುಗಿಸಿಡಬೇಕು. ಇದು ಚೆರ್ರಿಗಷ್ಟೇ ಅಲ್ಲ, ನಮ್ಮ ತೇಗದ ಬಾಗಿಲಿಗೆ, ಹಳೆಯ ತೊಟ್ಟಿಮನೆಯ ಕಂಬಗಳಿಗೆ ಅಗಸೆ ಎಣ್ಣೆ ಹಚ್ಚುವವರಿಗೂ ಅನ್ವಯಿಸುತ್ತದೆ. ಗೃಹಪ್ರವೇಶದ ಹಿಂದಿನ ದಿನ ಪಾಲಿಷ್ ಮುಗಿಸಿ ಹೊರಟ ಕೆಲಸದವರ ಹಿಂದೆ ಮೂಲೆಯಲ್ಲಿ ಏನು ಉಳಿದಿದೆ ಎಂದು ಮನೆಯವರು ಒಮ್ಮೆ ನೋಡಿಕೊಳ್ಳಬೇಕು.

ಕೇನ್ ಊರಿನ ಸುತ್ತಲಿನ ಗಿರಣಿಗಳಲ್ಲಿ ಇವತ್ತೂ ಚೆರ್ರಿ ದಿಮ್ಮಿಗಳು ಹಲಗೆಗಳಾಗುತ್ತವೆ. ಅವುಗಳಲ್ಲಿ ಒಂದು ಯಾವುದೋ ಮನೆಯಲ್ಲಿ ಓದುವ ಮೇಜಾಗುತ್ತದೆ. ಅದರ ಮುಂದೆ ಕೂತ ಮಗು ದೊಡ್ಡದಾಗುವಷ್ಟರಲ್ಲಿ ಗುಲಾಬಿ ಮರ ಕೆಂಪಾಗಿರುತ್ತದೆ. ಮೇಜಿಗೆ ಕೊನೆಯ ಸಲ ಎಣ್ಣೆ ಒರೆಸಿದವರು ಅಂದು ಸಂಜೆ ಬಟ್ಟೆಯನ್ನು ಹಗ್ಗಕ್ಕೆ ಹರವಿ, ಆಮೇಲೆ ಕೈ ತೊಳೆದಿದ್ದರೆ ಸಾಕು.